ಸಹಾಯ ಬೇಕು: ತಂದೆ ತಾಯಿಯೊಂದಿಗೆ ಅಕ್ಟೋಬರ್‌ನಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಪ್ರವಾಸ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬಂದಿರುವ ನನ್ನ ತಂದೆ ತಾಯಿಗೆ ಎಲೆಗಳು ಬಣ್ಣ ತಿರುಗುವುದನ್ನು ತೋರಿಸಲೇಬೇಕೆಂಬ ಆಸೆಯಿಂದ, ಅಕ್ಟೋಬರ್ ಎರಡನೆಯ ವಾರದಲ್ಲಿ ಅಮೆರಿಕದ ನಾರ್ತ್ ಕೆರೊಲೈನಾದ ಷಾರ್ಲೆಟ್‌ನಿಂದ ಕಾರಿನಲ್ಲಿ ಹೊರಟು ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆಯಲ್ಲಿ ಮೂರು ದಿನ ಸುತ್ತಬೇಕೆಂದಿದ್ದೇನೆ. ಈ ದಾರಿಯಲ್ಲಿ ಹಿರಿಯರನ್ನು ಕರೆದೊಯ್ದವರ ಸಲಹೆ ಬೇಕಾಗಿದೆ.

469 ಮೈಲಿ ಉದ್ದದ ಈ ರಸ್ತೆಯನ್ನು ಪೂರ್ತಿ ನೋಡುವ ಉದ್ದೇಶ ನಮಗಿಲ್ಲ. ವೇಗದ ಮಿತಿ ಗಂಟೆಗೆ 45 ಮೈಲಿಯಷ್ಟೇ ಆದರೂ ತಿರುವುಗಳು ಬಹಳ. ಅಮ್ಮನಾದರೋ ಆಗುಂಬೆ ಘಾಟಿ ಇಳಿಯುವಾಗಲೂ ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಕೂರುವವರು. ಆದ್ದರಿಂದ ಲಿನ್ ಕೋವ್ ಮೇಲ್ಸೇತುವೆಯಿಂದ ಮೌಂಟ್ ಮಿಚೆಲ್ ಶಿಖರದವರೆಗಿನ ಭಾಗ ಸಾಕೆನಿಸಿದೆ. 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತದಲ್ಲಿ ರಸ್ತೆ ಅಲ್ಲಲ್ಲಿ ಕುಸಿದು ಮುಚ್ಚಿತ್ತಲ್ಲ, ಇತ್ತೀಚೆಗೆ ಹೋದವರು ಎಲ್ಲಿ ಸುತ್ತುದಾರಿ ಹಿಡಿಯಬೇಕಾಯಿತೆಂದು ದಯವಿಟ್ಟು ತಿಳಿಸಿ.

ನನ್ನ ಮುಖ್ಯ ಚಿಂತೆ ಬಣ್ಣದ್ದೇ. ಎತ್ತರದಲ್ಲಿ ಎಲೆಗಳು ಮೊದಲು ಹಣ್ಣಾಗಿ, ಬಣ್ಣ ವಾರದಿಂದ ವಾರಕ್ಕೆ ಕೆಳಗಿಳಿಯುತ್ತದೆ. ಹೋದ ವರ್ಷ ನಾನು ತಿಂಗಳ ಕೊನೆಗೆ ಹೋದಾಗ ಮೇಲಿನ ಇಳಿಜಾರುಗಳೆಲ್ಲ ಬೋಳಾಗಿದ್ದವು. ಕಾರಿನ ಗಾಜಿಗೆ ಅಂಟಿದ್ದ ಒಂದು ಕೆಂಪು ಮೇಪಲ್ ಎಲೆಯ ಚಿತ್ರವನ್ನಷ್ಟೇ ಅಪ್ಪನಿಗೆ ಕಳುಹಿಸಿದ್ದೆ. ಎರಡನೆಯ ವಾರದಲ್ಲಿ ಎಷ್ಟು ಅಡಿ ಎತ್ತರದ ಆಸುಪಾಸಿನಲ್ಲಿ ಬಣ್ಣ ತುಂಬಿರುತ್ತದೆ? 6,684 ಅಡಿಯ ಮಿಚೆಲ್ ಶಿಖರದ ಸುತ್ತ ಆಗಲೇ ಉದುರಿರುತ್ತದೆಯೇ?

ಅಮ್ಮನಿಗೆ ಮಂಡಿನೋವು ಇರುವುದರಿಂದ ಕಾರಿನಿಂದ ಇಳಿದು ನಾಲ್ಕು ಹೆಜ್ಜೆಯಲ್ಲೇ ಕಣಿವೆ ಕಾಣುವ ತಾಣಗಳನ್ನೂ, ಈರುಳ್ಳಿ ಬೆಳ್ಳುಳ್ಳಿ ತಿನ್ನದ ಅಪ್ಪನಿಗಾಗಿ ಅನ್ನ ಸಾರು ಮಾಡಿಕೊಳ್ಳಲು ಅಡುಗೆಮನೆಯಿರುವ ವಸತಿ ಯಾವ ಊರಿನಲ್ಲಿ ಸುಲಭವೆಂಬುದನ್ನೂ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.