ರಾಕ್ ಆಲ್ಬಮ್‌ಗಳ ವಾರ್ಷಿಕೋತ್ಸವ: ಒಂದೇ ಆಲ್ಬಮ್‌ಗೆ ಎರಡು ತಾರೀಖು ಇದ್ದರೆ ಯಾವುದನ್ನು ಹಿಡಿಯಬೇಕು?

ಆರುತಂತಿ:
ಕೇಳುಗರ ಗುಂಪಿಗಾಗಿ 2026ರ ಕ್ಯಾಲೆಂಡರ್ ಮಾಡಬೇಕಿದೆ. ರಮೋನ್ಸ್ ಮೊದಲ ಆಲ್ಬಮ್ (23 ಏಪ್ರಿಲ್ 1976), ಈಗಲ್ಸ್‌ನ 'ಹೋಟೆಲ್ ಕ್ಯಾಲಿಫೋರ್ನಿಯಾ' (8 ಡಿಸೆಂಬರ್ 1976) ಎರಡಕ್ಕೂ 50 ತುಂಬುತ್ತದೆ. ಬೀಟಲ್ಸ್‌ನ 'ರಿವಾಲ್ವರ್'ಗೆ 60. ತೊಡಕು ಏನೆಂದರೆ 'ರಿವಾಲ್ವರ್' ಒಂದು ಕಡೆ ಆಗಸ್ಟ್ 5, ಇನ್ನೊಂದು ಕಡೆ ಆಗಸ್ಟ್ 8 ಅಂತಿದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ಮೊದಲ ಆಲ್ಬಮ್‌ಗಂತೂ ಮೂರು ತಿಂಗಳ ಅಂತರ! ಯಾವುದನ್ನು ಹಾಕೋದು? ಕಲಾವಿದರ ಪುಣ್ಯತಿಥಿಗಳಲ್ಲೂ ಇದೇ ಗೊಂದಲ ಇದೆಯಾ?

ಹಳೇಸೂಜಿ:
ಎರಡೂ ಸರಿಯೇ. ಆಗಸ್ಟ್ 5 ಬ್ರಿಟನ್ನಿನದು, 8 ಅಮೆರಿಕದ್ದು. ಆಗೆಲ್ಲ ಒಂದೊಂದು ದೇಶಕ್ಕೆ ಒಂದೊಂದು ಕಂಪನಿ, ಒಂದೊಂದು ದಿನ. ಜಗತ್ತಿಗೆಲ್ಲ ಶುಕ್ರವಾರವೇ ಬಿಡುಗಡೆ ಅನ್ನೋ ಪದ್ಧತಿ ಬಂದಿದ್ದು 2015ರ ಜುಲೈ 10ರಿಂದ.

ಜಗತ್ತಿನಲ್ಲಿ ಮೊದಲು ಎಲ್ಲಿ ಅಂಗಡಿಗೆ ಬಂತೋ ಆ ದಿನವನ್ನೇ ಹಿಡಿಯಿರಿ, ಇನ್ನೊಂದನ್ನು ಪಕ್ಕದ ಕಾಲಂನಲ್ಲಿ ಬರೆದಿಡಿ. 'ತಂಡದ ತವರು ದೇಶದ ತಾರೀಖು' ಅನ್ನುವವರೂ ಇದ್ದಾರೆ, ಆದರೆ ಹೆಂಡ್ರಿಕ್ಸ್ ವಿಷಯದಲ್ಲಿ ಅದು ಕೈಕೊಡುತ್ತದೆ. ಆಸಾಮಿ ಅಮೆರಿಕದವರು, ತಂಡ ಕಟ್ಟಿದ್ದು ಲಂಡನ್ನಿನಲ್ಲಿ. 'ಆರ್ ಯು ಎಕ್ಸ್‌ಪೀರಿಯೆನ್ಸ್ಡ್' ಬ್ರಿಟನ್ನಿನಲ್ಲಿ 12 ಮೇ 1967, ಅಮೆರಿಕದಲ್ಲಿ 23 ಆಗಸ್ಟ್. ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಉಲ್ಟಾ: ಅಮೆರಿಕದಲ್ಲಿ 1 ಮಾರ್ಚ್ 1973, ತವರಿನಲ್ಲಿ ಮಾರ್ಚ್ 16.

ವಾರ ಯಾವುದು ಅಂತ ನೋಡಿದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಅರವತ್ತು-ಎಪ್ಪತ್ತರ ದಶಕದ ಬ್ರಿಟಿಷ್ ಎಲ್‌ಪಿಗಳು (ಇಡೀ ಆಲ್ಬಮ್ ಹಿಡಿಸುವ ರೆಕಾರ್ಡ್‌ಗಳು) ಬಹಳಷ್ಟು ಶುಕ್ರವಾರ ಬಂದವು. ಬೀಟಲ್ಸ್‌ನ 'ರಿವಾಲ್ವರ್', 'ಆಬಿ ರೋಡ್' (26 ಸೆಪ್ಟೆಂಬರ್ 1969), ದಿ ಕ್ಲ್ಯಾಶ್ ತಂಡದ 'ಲಂಡನ್ ಕಾಲಿಂಗ್' (14 ಡಿಸೆಂಬರ್ 1979) ಮೂರೂ ಶುಕ್ರವಾರವೇ. ತೊಂಬತ್ತರ ದಶಕದ ಅಮೆರಿಕನ್ ಆಲ್ಬಮ್ ಆದರೆ ಮಂಗಳವಾರ. ನಿರ್ವಾನಾ ತಂಡದ 'ನೆವರ್‌ಮೈಂಡ್' (24 ಸೆಪ್ಟೆಂಬರ್ 1991) ಹಾಗೆಯೇ. ಭಾನುವಾರ ಬಿದ್ದ ತಾರೀಖನ್ನು ಅನುಮಾನದಿಂದ ನೋಡಿ. ಲೆಡ್ ಜೆಪ್ಪೆಲಿನ್ ಮೊದಲ ಆಲ್ಬಮ್‌ಗೆ ಎಲ್ಲರೂ ಬರೆಯುವ 12 ಜನವರಿ 1969 ಭಾನುವಾರ. ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಇರಲಿ.

ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್'ಗೆ 1 ಜೂನ್ 1967 ಅಧಿಕೃತ ದಿನ, ಆದರೆ ಬ್ರಿಟನ್ನಿನ ಅಂಗಡಿಗಳಿಗೆ ಮೇ 26ಕ್ಕೇ ಬಂದಿತ್ತು. 50ರ ವಿಶೇಷ ಆವೃತ್ತಿಯನ್ನೂ 26 ಮೇ 2017ಕ್ಕೇ ತಂದರು.

ಶೀಟುಪ್ರಿಯ:
ಪುಣ್ಯತಿಥಿಯಲ್ಲಿ ಗೊಂದಲ ತರೋದು ಗಂಟೆ. ಬೀಟಲ್ಸ್‌ನ ಜಾನ್ ಲೆನನ್ ಮೇಲೆ ಗುಂಡು ಹಾರಿದ್ದು 8 ಡಿಸೆಂಬರ್ 1980, ನ್ಯೂಯಾರ್ಕಿನ ರಾತ್ರಿ ಸುಮಾರು 10:50. ಆಗ ನಮ್ಮಲ್ಲಿ 9ರ ಬೆಳಗ್ಗೆ 9:20. ಘಟನೆ ನಡೆದ ಊರಿನ ತಾರೀಖನ್ನೇ ಇಟ್ಟುಕೊಳ್ಳಿ. ಕ್ಯಾಲೆಂಡರ್ ಆ್ಯಪ್‌ನಲ್ಲಿ ಸಮಯ ಕೊಡದೆ 'ಇಡೀ ದಿನ' ಅಂತ ಗುರುತು ಹಾಕಿ. ಸಮಯ ಕೊಟ್ಟರೆ ವಿದೇಶದಲ್ಲಿರುವ ಸದಸ್ಯರ ಫೋನಿನಲ್ಲಿ ಹಿಂದಿನ ದಿನಕ್ಕೋ ಮುಂದಿನ ದಿನಕ್ಕೋ ಜಾರುತ್ತದೆ. ನಿರ್ವಾನಾದ ಗಾಯಕ ಕರ್ಟ್ ಕೋಬೇನ್‌ಗೆ 5 ಏಪ್ರಿಲ್ 1994 ಹಾಕಿ. 8 ಅನ್ನೋದು ದೇಹ ಪತ್ತೆಯಾದ ದಿನ.

ಪಟ್ಟಿಯಲ್ಲಿ ತಾರೀಖನ್ನು ವರ್ಷ-ತಿಂಗಳು-ದಿನ ಅನ್ನೋ ಕ್ರಮದಲ್ಲೇ ಬರೆಯಿರಿ. '8/5/1966' ಅಂತ ಹಾಕಿದರೆ ಶೀಟ್ ಅದನ್ನು ಮೇ 8 ಮಾಡಿಬಿಡಬಹುದು. ಸಿಎಸ್‌ವಿ ಫೈಲ್‌ನಿಂದ (ಶೀಟನ್ನು ಅಲ್ಪವಿರಾಮದ ಪಠ್ಯವಾಗಿ ಉಳಿಸಿದ ಫೈಲ್) ಗೂಗಲ್ ಕ್ಯಾಲೆಂಡರ್‌ಗೆ ತುಂಬಿದರೆ 'ಪ್ರತಿ ವರ್ಷ' ಅನ್ನೋ ಮರುಕಳಿಕೆ ಬರುವುದಿಲ್ಲ, ಅದನ್ನು ಕೈಯಾರೆ ಹಾಕಬೇಕು.

ಪೋಸ್ಟರ್ ಬರೆಯುವಾಗ 'ನೇ' ಮೇಲೆ ಕಣ್ಣಿಡಿ. ರಮೋನ್ಸ್‌ಗೆ 50ನೇ ವರ್ಷ 2025ರ ಏಪ್ರಿಲ್‌ನಲ್ಲೇ ಶುರುವಾಗಿದೆ. 2026ರಲ್ಲಿ ಆಗೋದು '50 ವರ್ಷ ತುಂಬಿತು' ಅಂತ.

ಬೆಂಗಳೂರಿನ ಗುಂಪಾದರೆ ಇನ್ನೆರಡು ದಿನ ಸೇರಿಸಿ: ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ (4 ಏಪ್ರಿಲ್ 2003), ಐರನ್ ಮೇಡನ್ (17 ಮಾರ್ಚ್ 2007).

ಆರುತಂತಿ:
ತುಂಬಾ ಉಪಕಾರ. ಕೇಳಿಸುವಾಗ ಏನು ನೋಡಿಕೊಳ್ಳಬೇಕು? ಸೆಪ್ಟೆಂಬರ್ 12ಕ್ಕೆ ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್' ಇಡೋಣ ಅಂತ.

ಹಳೇಸೂಜಿ:
ಒಳ್ಳೆ ಆಯ್ಕೆ. ಒಟ್ಟು ಸುಮಾರು 44 ನಿಮಿಷ, ಬದಿ ತಿರುಗಿಸೋದೂ ಸೇರಿ ಒಂದು ಗಂಟೆ ಇಟ್ಟುಕೊಳ್ಳಿ. ಸ್ಟ್ರೀಮಿಂಗ್‌ನಲ್ಲಾದರೆ ಷಫಲ್ (ಹಾಡುಗಳ ಕ್ರಮ ಕಲಸೋದು) ಆಫ್, ಕ್ರಾಸ್‌ಫೇಡ್ (ಒಂದರ ಕೊನೆಯ ಮೇಲೆ ಇನ್ನೊಂದು ಹತ್ತೋದು) ಸೊನ್ನೆ, ಗ್ಯಾಪ್‌ಲೆಸ್ (ನಡುವೆ ಬಿಡುವಿಲ್ಲದೆ ನುಡಿಸೋದು) ಆನ್. 'ಹ್ಯಾವ್ ಎ ಸಿಗಾರ್' ಕೊನೆಯಲ್ಲಿ ಸಂಗೀತವೆಲ್ಲ ಒಂದು ಸಣ್ಣ ರೇಡಿಯೊ ಒಳಗೆ ಹೀರಿಕೊಂಡ ಹಾಗಾಗಿ, ಆ ರೇಡಿಯೊ ಸ್ಟೇಷನ್ ಬದಲಾಯಿಸುತ್ತಲೇ ಶೀರ್ಷಿಕೆ ಗೀತೆಗೆ ಬರುತ್ತದೆ. ನಡುವೆ ಅರ್ಧ ಸೆಕೆಂಡ್ ಮೌನ ಬಂದರೂ ಆ ಮಾಯೆ ಹೋಯಿತು. ಅಲ್ಲಿನ ಮೊದಲ ಗಿಟಾರ್ ಬೇಕೆಂದೇ ಸಣಕಲಾಗಿದೆ, ಸ್ಪೀಕರ್ ಕೆಟ್ಟಿದೆ ಅಂದುಕೊಂಡು ಬಾಸ್ ಏರಿಸಬೇಡಿ. ಎರಡನೇ ಗಿಟಾರ್ ಸೇರಿದಾಗ ಅದು ತುಂಬಿ ಬರುವುದೇ ಅದರ ಸೊಗಸು.

ವಾಲ್ಯೂಮ್ ಅನ್ನು 'ಹ್ಯಾವ್ ಎ ಸಿಗಾರ್' ಹಾಕಿ ಮೊದಲೇ ಹೊಂದಿಸಿ. ಆಲ್ಬಮ್ ಶುರುವಾಗೋದು ತೀರಾ ಮೆತ್ತಗೆ. ಮೊದಲ ಹಾಡಿನ ಆ ಹೆಸರಾದ ನಾಲ್ಕು ಸ್ವರದ ಗಿಟಾರ್ ಬರೋ ಹೊತ್ತಿಗೆ ಸುಮಾರು 4 ನಿಮಿಷ ಆಗಿರುತ್ತದೆ. ಶುರುವಿನಲ್ಲಿ ಕೇಳಿಸುತ್ತಿಲ್ಲ ಅಂತ ಏರಿಸಿದರೆ ಮುಂದೆ ಕಿವಿಗೆ ಹೊಡೆಯುತ್ತದೆ.

ಆವೃತ್ತಿಯನ್ನೂ ನೋಡಿ. ಹೆಂಡ್ರಿಕ್ಸ್‌ನ ಮೇ 12ರ ಬ್ರಿಟಿಷ್ ಎಲ್‌ಪಿಯಲ್ಲಿ 11 ಹಾಡು, ಶುರು 'ಫಾಕ್ಸಿ ಲೇಡಿ'ಯಿಂದ. 'ಪರ್ಪಲ್ ಹೇಜ್' ಅದರಲ್ಲಿ ಇರಲೇ ಇಲ್ಲ. ಸಿಂಗಲ್ (ಬಿಡಿ ಹಾಡಿನ ಪುಟ್ಟ ರೆಕಾರ್ಡ್) ಆಗಿ ಬಂದ ಹಾಡನ್ನು ಬ್ರಿಟನ್ನಿನಲ್ಲಿ ಎಲ್‌ಪಿಗೆ ಸೇರಿಸುವ ರೂಢಿ ಕಡಿಮೆ. ಈಗ ಸಿಗುವ ಆವೃತ್ತಿಯಲ್ಲಿ 17 ಇವೆ. ಹಾಗಾಗಿ ಮೇ 12ಕ್ಕೆ ಆ 11ನ್ನು ಆರಿಸಿ, 'ರೆಡ್ ಹೌಸ್' ಮೂರನೆಯದಾಗಿ ಇಟ್ಟು, ಪ್ಲೇಲಿಸ್ಟ್ ಕಟ್ಟಿಕೊಳ್ಳಿ.