ಚಿರತೆ ಬೋರ್ಡು

ಗುಂಪು: ಮಾಟುಂಗ ಮನೆಮಂದಿ

ಸುಮಾ, ಡೊಂಬಿವಲಿ: (ಫೋಟೋ) ಕಾಲೇಜಿನಲ್ಲಿದ್ದಾಗ ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡ ‘ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’, ಡಗ್ಲಸ್ ಆಡಮ್ಸ್ ಬರೆದ ಬಾಹ್ಯಾಕಾಶದ ತಮಾಷೆ ಕಾದಂಬರಿ. ಮತ್ತೆ ಓದಿದೆ. ಬೆನ್ನು ಕಿತ್ತುಬಂದಿದೆ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಈ ಪುಟ ನೋಡಿ. ಒಬ್ಬಳೇ ನಗುತ್ತಾ ಕೂತಿದ್ದೆ.

ಶ್ರೀಧರ ಭಾವ: ಇನ್ನೂ ಅದೇ ಪುಸ್ತಕವಾ! ನನಗೆ ಹೋದ ವರ್ಷ ಅರ್ಧಕ್ಕೇ ಸಾಕಾಯ್ತು. 1979ರ ಜೋಕುಗಳು. ಡಿಜಿಟಲ್ ವಾಚನ್ನು ಮೆಚ್ಚುವ ಪೆದ್ದ ಮನುಷ್ಯರು ಅಂತ ಗೇಲಿ ಮಾಡುತ್ತಾನೆ. ಈಗ ಯಾರಿಗೆ ನಗು ಬರುತ್ತೆ?

ಸುಮಾ: ಭಾವ, ನಿಮ್ಮ ವಾಚು ಹೆಜ್ಜೆ ಎಣಿಸುತ್ತೆ. ಅದು ಏಳಿ ಅಂದರೆ ಊಟದ ಮಧ್ಯೆ ಎದ್ದು ನಿಲ್ಲುತ್ತೀರಿ. ನನಗಂತೂ ನಗು ಬಂತು.

ಭಾವ: ಅದಿರಲಿ. ಕಥೆ ಎಲ್ಲಿದೆ? ಭೂಮಿ ಪುಡಿಯಾಗುತ್ತೆ, ಒಂದಿಷ್ಟು ಸುತ್ತಾಟ, ಕೊನೆಗೆ ಹೋಟೆಲಿಗೆ ಊಟಕ್ಕೆ ಹೊರಡುತ್ತಾರೆ. ಮುಗೀತು!

ಸುಮಾ: ಅದು ಮೊದಲು ರೇಡಿಯೋ ನಾಟಕ ಅಲ್ವಾ? 1978ರಲ್ಲಿ ಬಿಬಿಸಿಯಲ್ಲಿ ಕಂತು ಕಂತಾಗಿ ಬಂದಿದ್ದು. ಕಥೆ ಸುಮ್ನೆ ನೆಪ. ಫೋಟೋ ಓದಿದಿರಾ? ಬೈಪಾಸ್ ರಸ್ತೆಗಾಗಿ ಕಥಾನಾಯಕ ಆರ್ಥರ್ ಮನೆ ಕೆಡವಲು ಬುಲ್ಡೋಜರ್ ಬಂದಿದೆ. ನಕ್ಷೆ ಎಲ್ಲರೂ ನೋಡಲಿ ಅಂತ ಇಟ್ಟಿದ್ದರಂತೆ. ಎಲ್ಲಿ? ನೆಲಮಾಳಿಗೆಯಲ್ಲಿ. ಲೈಟಿಲ್ಲ, ಮೆಟ್ಟಿಲೂ ಇಲ್ಲ. ಯಾರೂ ಬಳಸದ ಪಾಯಿಖಾನೆಯೊಳಗೆ, ಬೀಗ ಹಾಕಿದ ಕಪಾಟಿನ ತಳದಲ್ಲಿ. ಬಾಗಿಲ ಮೇಲೆ ‘ಚಿರತೆ ಇದೆ, ಎಚ್ಚರಿಕೆ’ ಬೋರ್ಡು! ಅದೇ ದಿನ ಭೂಮಿಗೂ ಅದೇ ಗತಿ. ಅದರ ನಕ್ಷೆ 50 ವರ್ಷದಿಂದ ಆಲ್ಫಾ ಸೆಂಟಾರಿ ನಕ್ಷತ್ರದ ಕಚೇರಿಯಲ್ಲಿತ್ತಂತೆ. ಹೋಗಿ ನೋಡಲಿಲ್ಲ ಅಂತ ನಮಗೇ ಬೈಗುಳ. ಕಾಲೇಜಿನಲ್ಲಿ ಇದು ಬರೀ ತಮಾಷೆ. ಈಗ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿದೆ, ಕೆಡವಿ ಹೊಸದು ಕಟ್ಟುತ್ತಾರಂತೆ. ನಕ್ಷೆ ಕೇಳಿದರೆ ಸೆಕ್ರೆಟರಿ ಹತ್ತಿರ ಇದೆ ಅನ್ನುತ್ತಾರೆ. ಸೆಕ್ರೆಟರಿ ಊರಲ್ಲಿಲ್ಲ.

ಚಿಕ್ಕಪ್ಪ: ಯಾರ ಮನೆ ಕೆಡವುತ್ತಾರೆ? ಸುಮಾ, ಯಾವುದಕ್ಕೂ ಸಹಿ ಹಾಕಬೇಡ.

ಸುಮಾ: ಫೋಟೋದಲ್ಲಿರೋದು ಇಂಗ್ಲೆಂಡಿನ ಮನೆ ಚಿಕ್ಕಪ್ಪ.

ಪುಟ್ಟಿ, ಪುಣೆ: ಚಿಕ್ಕಮ್ಮ, ಆ ಪುಟ ಸೂಪರ್. ನನ್ನ ತಕರಾರು ಕಥೆಯಲ್ಲಿರೋ ಹುಡುಗಿ ಟ್ರಿಲಿಯನ್ ಬಗ್ಗೆ. ಗಣಿತದಲ್ಲಿ ಒಂದು ಡಿಗ್ರಿ, ಖಗೋಳ ಭೌತವಿಜ್ಞಾನದಲ್ಲಿ ಇನ್ನೊಂದು. ಅಂತರಿಕ್ಷ ಹಡಗಿನಲ್ಲಿ ಕೆಲಸ ಏನು? ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಅನೌನ್ಸ್ ಮಾಡಿದ ಹಾಗೆ ಅಂಕಿ ಓದಿ ಹೇಳೋದು!

ಸುಮಾ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಕಣೇ. ಲೇಖಕನಿಗೆ ಆ ರೋಬೋಟ್ ಮಾರ್ವಿನ್ನನ ಗೊಣಗಾಟದ ಮೇಲಿರುವ ಅಕ್ಕರೆ ಅವಳ ಮೇಲಿಲ್ಲ.

ಭಾವ: ನೋಡು, ನಾನು ಹೇಳಲಿಲ್ವಾ?

ಪುಟ್ಟಿ: ಅಪ್ಪ, ನೀವು ಹೇಳಿದ್ದು ವಾಚಿನ ಬಗ್ಗೆ.

ಭಾವ: ಸರಿ ಸರಿ. ಸುಮಾ, ಶನಿವಾರ ಬರುವಾಗ ಪುಸ್ತಕ ತಗೊಂಡು ಬಾ. ನನ್ನ ಕಾಪಿಯಲ್ಲಿ ಅಕ್ಷರ ತುಂಬಾ ಸಣ್ಣ.

ಚಿಕ್ಕಪ್ಪ: ಬಿಲ್ಡರ್ ಕಾರ್ಪಸ್ ದುಡ್ಡು ಎಷ್ಟು ಕೊಡುತ್ತಾರಂತೆ?