ಅಮ್ಮನ ಮನೆ ಖಾಲಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಅಮ್ಮ ತೀರಿಕೊಂಡು ಕೆಲವು ತಿಂಗಳಾಯಿತು. ಅಪ್ಪ ಮೊದಲೇ ಹೋಗಿದ್ದರು. ಬಾಡಿಗೆ ಮನೆ, ಬಿಟ್ಟುಕೊಡಬೇಕು. ನಾನು, ತಮ್ಮ ಇಬ್ಬರೇ. ಬೀರು ಬಾಗಿಲು ತೆಗೆದರೆ ಕೈ ಓಡುವುದಿಲ್ಲ, ಹಾಗೇ ಮುಚ್ಚಿ ಬರುತ್ತೇನೆ. ಈ ಕೆಲಸ ಮಾಡಿದವರು ದಾರಿ ಹೇಳಿ.

ಒಬ್ಬರು: ಹಾಗಾದರೆ ಬೀರು ಮುಚ್ಚೇ ಇರಲಿ. ಬಟ್ಟೆ ಎಲ್ಲೂ ಓಡಿಹೋಗುವುದಿಲ್ಲ. ತಡ ಮಾಡಿದರೆ ಕೈ ತಪ್ಪಿಹೋಗುವವು ಬೇರೆ ಇವೆ, ಮೊದಲು ಅವನ್ನು ನೋಡಿ.

ಎಲ್ಲಕ್ಕಿಂತ ಮುಂಚೆ ಅವರ ಮೊಬೈಲ್. ಸಿಮ್ ಬಂದ್ ಮಾಡಿಸಬೇಡಿ, ರೀಚಾರ್ಜ್ ಮಾಡಿಸುತ್ತಾ ಇರಿ. ಇಮೇಲ್, ವಿಮೆ, ಕರೆಂಟ್ ಬಿಲ್ ಎಲ್ಲದರ ಒಟಿಪಿ ಬರುವುದು ಅದೇ ನಂಬರಿಗೆ. ಸುಮ್ನೆ ಬಿಟ್ಟರೆ ಆ ನಂಬರ್ ಮುಂದೆ ಬೇರೆ ಯಾರಿಗೋ ಹೋಗಬಹುದು. ವಾಟ್ಸ್‌ಆ್ಯಪ್ ಖಾತೆಯನ್ನು 120 ದಿನ ಯಾರೂ ಬಳಸದಿದ್ದರೆ ಸಾಮಾನ್ಯವಾಗಿ ಅಳಿಸಿಬಿಡುತ್ತಾರೆ. ಗೂಗಲ್ ಖಾತೆಗೆ ಗಡುವು 2 ವರ್ಷ. ಅಷ್ಟರೊಳಗೆ ಅಮ್ಮನ ಫೋಟೋ, ವಾಯ್ಸ್ ಮೆಸೇಜ್ ಎಲ್ಲವನ್ನೂ ಬೇರೆ ಕಡೆ ಉಳಿಸಿಕೊಳ್ಳಿ. ಆದರೆ ಒಟಿಪಿ ಬರುತ್ತದಲ್ಲ ಅಂತ ಅವರ ಖಾತೆಯಿಂದ ದುಡ್ಡು ತೆಗೆಯಲು ಹೋಗಬೇಡಿ. ಬ್ಯಾಂಕಿಗೆ ತಿಳಿಸಿ, ನಾಮಿನಿಯಾಗಿಯೋ ವಾರಸುದಾರರಾಗಿಯೋ ಪಡೆಯಿರಿ. ಇಲ್ಲದಿದ್ದರೆ ಆಮೇಲೆ ಉತ್ತರ ಹೇಳಬೇಕಾದವರು ನೀವೇ.

ಆಮೇಲೆ ಕಾಗದ ಪತ್ರ. ಉಯಿಲು, ಠೇವಣಿ, ವಿಮೆ, ಪಿಂಚಣಿ, ಆಸ್ತಿ ಪತ್ರ ಎಲ್ಲ ಒಂದೇ ಫೈಲಿನಲ್ಲಿ ಸಿಗುತ್ತವೆ ಅಂದುಕೊಳ್ಳಬೇಡಿ. ನಮ್ಮ ಅಪ್ಪ ಠೇವಣಿ ರಸೀದಿಯನ್ನು ಹಳೇ ಡೈರಿಯ ರಟ್ಟಿನೊಳಗೆ ಇಟ್ಟಿದ್ದರು. ಭದ್ರವಾಗಿರಲಿ ಅಂತ ಇಟ್ಟಿದ್ದು, ಎಷ್ಟು ಭದ್ರವೆಂದರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ಪುಸ್ತಕದ ಹಾಳೆಗಳ ನಡುವೆ, ಡ್ರಾಯರಿಗೆ ಹಾಸಿದ ಪೇಪರಿನ ಕೆಳಗೆ, ಕೋಟಿನ ಜೇಬು, ಸೂಟ್‌ಕೇಸಿನ ಒಳಪದರ, ಖಾಲಿ ಡಬ್ಬಿ, ಎಲ್ಲ ಕಡೆ ನೋಡಿ. ನೋಡದೆ ಒಂದು ಪುಸ್ತಕವನ್ನೂ ರದ್ದಿಗೆ ಹಾಕಬೇಡಿ. ಎಟಿಎಂ ಚೀಟಿಯಂಥ ನುಣುಪು ಕಾಗದದ ರಸೀದಿಗಳ ಅಕ್ಷರ ಮಾಸಿಹೋಗುತ್ತದೆ, ಸಿಕ್ಕ ತಕ್ಷಣ ಫೋಟೋ ತೆಗೆಯಿರಿ. ಬೇಕು, ಬೇಡ ಎರಡೂ ಹೇಳಲಾಗದ ಕಾಗದಗಳಿಗೆ ಒಂದು ಪೆಟ್ಟಿಗೆ ಇಡಿ. ಅದೇ ಎಲ್ಲಕ್ಕಿಂತ ದೊಡ್ಡದಾಗುತ್ತದೆ, ಪರವಾಗಿಲ್ಲ.

ಉಳಿದ ಮಾತ್ರೆಗಳನ್ನು ಸಿಂಕಿಗೆ ಸುರಿಯಬೇಡಿ. ವಾಪಸ್ ತೆಗೆದುಕೊಳ್ಳುವ ಔಷಧಿ ಅಂಗಡಿ ಇದೆಯಾ ವಿಚಾರಿಸಿ. ಇನ್ಸುಲಿನ್ ಸೂಜಿಗಳಿದ್ದರೆ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಕಸ ಎತ್ತುವವರ ಕೈಗೆ ಚುಚ್ಚಬಾರದು ಅಲ್ವಾ.

ಇನ್ನೊಬ್ಬರು: ಮೇಲಿನವರು ವಸ್ತುಗಳ ಬಗ್ಗೆ ಹೇಳಿದರು. ನಾನು ತಮ್ಮನ ಬಗ್ಗೆ ಹೇಳುತ್ತೇನೆ. ಅವರಿಲ್ಲದಾಗ ಏನನ್ನೂ ಬಿಸಾಡಬೇಡಿ, ಹರಿದ ಚಾಪೆಯನ್ನೂ ಸಹ. ನಮ್ಮಲ್ಲಿ ಒಡವೆಗೆ ಜಗಳ ಆಗಲಿಲ್ಲ. ಅದನ್ನು ತೂಕ ಮಾಡಿ ಸಮ ಹಂಚಿಕೊಳ್ಳಬಹುದು. ಜಗಳ ಆಗಿದ್ದು ಕೆಟ್ಟು ನಿಂತ ರೇಡಿಯೋಗೆ. ಅಣ್ಣನಿಗೂ ಬೇಕು, ನನಗೂ ಬೇಕು. ಗುಜರಿಯವನೂ ಮುಟ್ಟದ ರೇಡಿಯೋ ಅದು.

ಕೊನೆಗೆ ಅತ್ತಿಗೆ ಒಂದು ಉಪಾಯ ಹೇಳಿದರು. ಒಬ್ಬರಿಗೊಬ್ಬರು ತೋರಿಸದೆ ಇಬ್ಬರೂ ತಮಗೆ ಬೇಕಾದ್ದನ್ನು ಪಟ್ಟಿ ಮಾಡಿ, ಆಮೇಲೆ ಬದಲಾಯಿಸಿಕೊಳ್ಳುವುದು. ನೋಡಿದರೆ ಇಬ್ಬರ ಪಟ್ಟಿಯಲ್ಲೂ ಇದ್ದ ವಸ್ತುಗಳು ಬೆರಳೆಣಿಕೆಯಷ್ಟು. ಅವನ್ನು ಸರದಿಯಲ್ಲಿ ಒಂದೊಂದಾಗಿ ಆರಿಸಿಕೊಂಡೆವು. ರೇಡಿಯೋ ಅಣ್ಣನಿಗೆ ಹೋಯಿತು. ನನಗೆ ಈಗಲೂ ಸ್ವಲ್ಪ ಹೊಟ್ಟೆಯುರಿ ಇದೆ ಅನ್ನಿ. ದೊಡ್ಡ ಶೋಕೇಸು ಮಾತ್ರ ಯಾರಿಗೂ ಬೇಡವಾಯಿತು. ಅಮ್ಮ ಅದನ್ನು ಕೊಂಡಾಗ ಎಷ್ಟು ಹೆಮ್ಮೆಪಟ್ಟಿದ್ದರೋ.

ಮತ್ತೊಬ್ಬರು: ಫೋಟೋ ಮತ್ತು ಕ್ಯಾಸೆಟ್ ಬಗ್ಗೆ ಒಂದಿಷ್ಟು, ನನಗೆ ಇದರ ಹುಚ್ಚು ಜಾಸ್ತಿ. ಅಂಟು ಹಾಳೆಯ ಹಳೇ ಆಲ್ಬಂನಿಂದ ಫೋಟೋ ಎಳೆಯಬೇಡಿ, ಹರಿಯುತ್ತದೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೋದ ಕೆಳಗೆ ತೂರಿಸಿ, ಗರಗಸ ಆಡಿಸುವ ಹಾಗೆ ಮೆಲ್ಲಗೆ ಆಡಿಸಿ. ಬರಲಿಲ್ಲವೋ, ಬಿಟ್ಟುಬಿಡಿ. ಹಾಳೆ ಸಮೇತ ಸ್ಕ್ಯಾನ್ ಮಾಡಿ. ನೆಗೆಟಿವ್‌ಗಳಿಂದ ವಿನೆಗರಿನ ಹುಳಿ ವಾಸನೆ ಬರುತ್ತಿದ್ದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅವನ್ನು ಉಳಿದವುಗಳಿಂದ ದೂರ ಇಡಿ, ಸ್ಕ್ಯಾನ್ ಮಾಡಿಸುವಾಗ ಅವೇ ಮೊದಲು. ಕ್ಯಾಸೆಟ್ ಟೇಪು ವರ್ಷ ಕಳೆದಂತೆ ಹಾಳಾಗುತ್ತದೆ. ಅಮ್ಮನ ದನಿ ಇರುವ ಕ್ಯಾಸೆಟ್ ಇದ್ದರೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಫೋಟೋದಲ್ಲಿರುವ ಅರ್ಧ ಜನ ಯಾರೆಂದು ನಿಮಗೆ ಗೊತ್ತಿರುವುದಿಲ್ಲ. ಅಮ್ಮನ ವಾರಗೆಯವರು ಯಾರಾದರೂ ಇದ್ದರೆ ವಿಡಿಯೋ ಕಾಲ್‌ನಲ್ಲಿ ಒಂದೊಂದಾಗಿ ತೋರಿಸಿ ಕೇಳಿ. ಹೆಸರನ್ನು ಹಿಂಬದಿಯಲ್ಲಿ ಪೆನ್ಸಿಲ್‌ನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ ಗುರುತು ಮುಂದಕ್ಕೆ ಮೂಡುತ್ತದೆ. ಈ ಕೆಲಸವನ್ನು ಮುಂದೂಡಬೇಡಿ. ನಾನು ಕರೆ ಮಾಡಿದಾಗ ಚಿಕ್ಕಮ್ಮ ಹೇಳಿದ ಕಥೆಗಳು ನಮ್ಮಮ್ಮ ಬದುಕಿದ್ದಾಗ ಒಮ್ಮೆಯೂ ಬಾಯಿಬಿಡದಂಥವು!

ಕೊನೆಯಲ್ಲಿ ಬರೆದವರು: ಎಲ್ಲ ಸರಿ, ಆದರೆ ಹೀಗೆ ಒಂದೊಂದೇ ಉಳಿಸುತ್ತಾ ಹೋದರೆ ಅಮ್ಮನ ಅಟ್ಟದಲ್ಲಿ ಇದ್ದದ್ದೆಲ್ಲ ನಿಮ್ಮ ಅಟ್ಟಕ್ಕೆ ಬರುತ್ತದೆ, ಅಷ್ಟೇ. ಎಲ್ಲದರ ಫೋಟೋ ತೆಗೆದು ವಸ್ತು ಕೊಟ್ಟುಬಿಡಿ ಅನ್ನುತ್ತಾರೆ ಕೆಲವರು. ನನಗೆ ಅದರಲ್ಲಿ ನಂಬಿಕೆ ಇಲ್ಲ, ಆ ಫೋಟೋಗಳನ್ನು ಯಾರೂ ಮತ್ತೆ ನೋಡುವುದಿಲ್ಲ. ನಾನಂತೂ ಬಳಸುತ್ತೇನೆ ಅನ್ನಿಸಿದ್ದನ್ನು ಮಾತ್ರ ತೆಗೆದುಕೊಂಡು ಬಂದೆ. ಅಪ್ಪನ ಸುತ್ತಿಗೆ, ಟಾರ್ಚು, ಉಣ್ಣೆ ಶಾಲು. ಒಳ್ಳೆಯ ಬಟ್ಟೆಯನ್ನು ಒಗೆದು, ಗುಂಡಿ ಹಾಕಿ ಕೊಟ್ಟೆ. ಹರಿದದ್ದನ್ನು ದಾನ ಅಂತ ಕೊಡಬೇಡಿ, ತೆಗೆದುಕೊಳ್ಳುವವರಿಗೂ ಮರ್ಯಾದೆ ಇದೆ.

ಇನ್ನೊಂದು ವಿಷಯ. ಮನೆ ಪೂರ್ತಿ ಖಾಲಿಯಾಗುವವರೆಗೆ ಕರೆಂಟ್, ನೀರು ಕಟ್ ಮಾಡಿಸಬೇಡಿ. ಗುಡಿಸಿ ಒರೆಸುವುದು ಕೊನೆಗೇ ಇರುತ್ತದೆ. ಕೀಲಿ ಕೊಡುವ ದಿನ ಮೀಟರ್ ರೀಡಿಂಗಿನ ಫೋಟೋ ತೆಗೆದುಕೊಳ್ಳಿ, ಮನೆ ಮಾಲೀಕರು ಪಕ್ಕದಲ್ಲಿದ್ದಾಗಲೇ.